ಭಾನುವಾರದ ತಲೆನೋವು

ಅದು ಶುರುವಾದದ್ದು ಪುಷ್ಯ ಮಾಸದಲ್ಲಿ, ಸಂಕ್ರಾಂತಿ ಕಳೆದ ಮೊದಲ ಶನಿವಾರ, ಮಧ್ಯಾಹ್ನ ಮೂರು ಗಂಟೆಯ ಕಾಫಿಯ ಹೊತ್ತಿಗೆ. ಯಡಿಯೂರು ಕೆರೆಗೂ ಜಯನಗರದ ಹೊಸ ಬ್ಲಾಕುಗಳಿಗೂ ನಡುವೆ ಇದ್ದ ಉದ್ದನೆಯ ಷೆಡ್ಡಿನೊಳಗೆ ನಲವತ್ತನಾಲ್ಕು ಹೆಂಗಸರ ಕೆಲಸ. ಕೊಕ್ಕರೆ ಮಾರ್ಕಿನ ತಲೆನೋವಿನ ಪುಡಿಯನ್ನು ಚಿಕ್ಕ ಕಾಗದದಲ್ಲಿ ಮಡಿಸಿ ಪೊಟ್ಟಣ ಮಾಡಬೇಕು. ಅವರಿಗೆಲ್ಲ ಮೇಸ್ತ್ರಿ ಸೊಣ್ಣಮ್ಮ. ಐವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಕಾರ್ಖಾನೆಯ ಬಾಗಿಲು ತೆರೆದ ವರ್ಷದಿಂದ, ಅಂದರೆ ಏಳು ವರ್ಷದಿಂದ, ಪೊಟ್ಟಣ ಕಟ್ಟುವ ಮೇಜಿನ ತಲೆಯಲ್ಲಿ ಕೂತವಳು ಅವಳೇ. ಆವತ್ತು ವಾರಿಜಾ ಕೈಯಲ್ಲಿ ಕಾಗದದ ಕಟ್ಟು ಹಿಡಿದು ಬಂದಳು. ಬಸವನಗುಡಿಯ ಹುಡುಗಿ, ಕಾಲೇಜಿನಲ್ಲಿ ಸಮಾಜಶಾಸ್ತ್ರವೋ ಏನೋ ದೊಡ್ಡ ಓದು ಓದುತ್ತಿದ್ದಳು. ಎರಡು ತಿಂಗಳ ಹಿಂದೆ ಮ್ಯಾನೇಜರ ಒಪ್ಪಿಗೆ ಪಡೆದು ಬಂದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮನೆಯಲ್ಲಿ ಮೊದಲು ಉಣ್ಣುವವರು ಯಾರು, ನೀರು ಎಲ್ಲಿಂದ ತರುತ್ತೀರಿ, ಯಾವ ದಿನ ಯಾವ ನೋವು ಎಂದೆಲ್ಲ ಕೇಳಿ ಬರೆದುಕೊಂಡು ಹೋಗಿದ್ದಳು. ಆಗ ಸೊಣ್ಣಮ್ಮ, "ಕೇಳ್ಕೊಂಡು ಓದೋರು ಯಾರೂ ತಿರ್ಗಿ ಬರಾಕಿಲ್ಲ ಕಣವ್ವ" ಎಂದಿದ್ದಳು. ಆ ಮಾತು ಹುಡುಗಿಯ ಮನಸ್ಸಿಗೆ ನಾಟಿತ್ತು. ಆದ್ದರಿಂದಲೇ ತಿರುಗಿ ಬಂದಿದ್ದಳು.

"ನಲವತ್ತನಾಲ್ಕು ಜನದಲ್ಲಿ ನಲವತ್ತೊಂದು ಜನಕ್ಕೆ ತಲೆನೋವು ಬರೋದು ಭಾನುವಾರ," ಎಂದು ವಾರಿಜಾ ಕಾಗದ ನೋಡಿ ಹೇಳಿದಳು.

"ಬರ್ದೆ ಇನ್ನೇನ್ ಮಿಸ್ಸಮ್ಮ? ಭಾನುವಾರ ಗಂಡ ಮನೇಲಿರ್ತಾನಲ್ಲ!" ಎಂದಳು ಮಂಗಮ್ಮ. ಮಂಗಮ್ಮ ಸೊಣ್ಣಮ್ಮನ ಬಲಗಡೆ ಕೂರುವವಳು, ಷೆಡ್ಡಿಗೆಲ್ಲ ಬಾಯಿ ಜೋರಿನವಳು. ಹೆಂಗಸರೆಲ್ಲ ನಕ್ಕರು. ಕಾಫಿ ಲೋಟಗಳು ಮೇಜಿನ ಮೇಲೆ ಅಲುಗಿದವು.

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಮಂಗಮ್ನೋರೆ, ನಿಮ್ಗೆ ಗಂಡ ಇಲ್ವಲ್ಲ. ನಿಮಗೂ ಭಾನುವಾರಾನೇ."

"ಅವನ ಗ್ಯಾನ ಬತ್ತದಲ್ಲವ್ವ, ಅದ್ಕೆ!"

ಮತ್ತೆ ನಗು. ಈ ಸಲ ವಾರಿಜಾ ನಗಲಿಲ್ಲ. "ದಸರೆಗೆ ಮೂರು ದಿನ ರಜ ಇತ್ತು. ಮೂರು ದಿನವೂ ತಲೆ ಎತ್ತೋಕೆ ಆಗ್ಲಿಲ್ಲ ಅಂತ ಹೇಳಿದೀರಿ. ಕೆಲಸಕ್ಕೆ ಬಂದು ಅರ್ಧ ಗಂಟೆಗೆ ನೋವು ಮಾಯ. ಮನೇಲಿ ಇಲ್ಲದ್ದು ಇಲ್ಲೇನಿದೆ ಅಂತ ನಾನು ಯೋಚ್ನೆ ಮಾಡ್ದೆ. ಆಮೇಲೆ ತಲೆನೋವು ಬರದೇ ಇರೋ ಆ ಮೂರು ಜನ ಯಾರು ಅಂತ ಹುಡುಕಿದೆ. ಕಸ ಗುಡಿಸೋರು, ಕಾಫಿ ಕಾಸೋರು, ಡಬ್ಬಕ್ಕೆ ಲೇಬಲ್ ಅಂಟಿಸೋರು. ಪುಡಿ ಕಾಗದ ಮುಟ್ಟದೇ ಇರೋರು ಆ ಮೂರೇ ಜನ. ಪುಡಿ ಒಂದು ದಿನ ತಪ್ಪಿದ್ರೆ ತಲೆ ಅದನ್ನ ಕೇಳುತ್ತೆ."

ಆ ಮಾತು ಮುಗಿಯುವ ಹೊತ್ತಿಗೆ ಸೊಣ್ಣಮ್ಮನ ತೋರುಬೆರಳು ಅವಳ ನಾಲಗೆಯ ಮೇಲಿತ್ತು. ಹುಡುಗಿ ಅದನ್ನೇ ನೋಡುತ್ತಿದ್ದಳು. ಸೊಣ್ಣಮ್ಮನೂ ಕಣ್ಣು ಕೆಳಗೆ ಮಾಡಿ ಅದನ್ನು ನೋಡಿದಳು. ಯಾರದೋ ಬೆರಳು ತನ್ನ ಬಾಯೊಳಗೆ ಬಂದು ಕೂತಿದೆ ಎನ್ನಿಸಿತು. ತೆಗೆಯಬೇಕು ಎಂದುಕೊಂಡರೂ ಒಂದು ಗಳಿಗೆ ಅದು ಬರಲಿಲ್ಲ.

ಬೆರಳನ್ನು ನಾಲಗೆಗೆ ಮುಟ್ಟಿಸಿ ಕಾಗದ ಎತ್ತುವುದು ಅವಳೇ ಕಂಡುಹಿಡಿದ ದಾರಿ. ಮೊದಲ ತಿಂಗಳು ಇಬ್ಬಿಬ್ಬರಿಗೆ ಒಂದರಂತೆ ಪಿಂಗಾಣಿ ತಟ್ಟೆಯಲ್ಲಿ ಒದ್ದೆ ಸ್ಪಂಜು ಇಟ್ಟಿದ್ದರು. ಸ್ಪಂಜಿಗೆ ಬೆರಳೊತ್ತಿ ಕಾಗದ ಎತ್ತಿದರೆ ಕಾಗದ ಮೆತ್ತಗಾಗಿ ಮಡಿಕೆ ಕೂರುತ್ತಿರಲಿಲ್ಲ, ಎರಡೆರಡು ಹಾಳೆ ಅಂಟಿಕೊಂಡು ಬರುತ್ತಿದ್ದವು. ಸೊಣ್ಣಮ್ಮ ಒಂದು ದಿನ ವೀಳ್ಯದೆಲೆ ಬಿಡಿಸುವ ಹಾಗೆ ಬೆರಳ ತುದಿಯನ್ನು ನಾಲಗೆಗೆ ತಾಕಿಸಿ ನೋಡಿದಳು. ಒಂದೇ ಹಾಳೆ ಬಂತು, ಗರಿಗರಿಯಾಗಿಯೇ ಬಂತು. ಮಧ್ಯಾಹ್ನದೊಳಗೆ ಅವಳ ಬುಟ್ಟಿ ತುಂಬಿತು. ಮ್ಯಾನೇಜರು ಪರಮಶಿವಯ್ಯನವರು ಅವಳ ಬೆನ್ನ ಹಿಂದೆ ಬಂದು ನಿಂತದ್ದು ಆವತ್ತೇ. ಅವರ ಕೋಟಿನಿಂದ ನಶ್ಯದ ವಾಸನೆ ಬರುತ್ತಿತ್ತು. ಎಷ್ಟೋ ಹೊತ್ತು ನಿಂತು ನೋಡಿ, "ಎಲ್ರೂ ಈಯಮ್ಮನ ಕೈ ನೋಡ್ರಮ್ಮ" ಎಂದರು. ಅಲ್ಲಿಯವರೆಗೆ ಅವಳ ಕೈಯನ್ನು ನೋಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಸಗಣಿ ತಟ್ಟಿದ ಕೈ, ರಾಗಿ ಬೀಸಿದ ಕೈ, ಸತ್ತ ಗಂಡನ ಕಣ್ಣು ಮುಚ್ಚಿದ ಕೈ. ಮರುದಿನದಿಂದ ಅವಳು ಮೇಸ್ತ್ರಿಯಾದಳು. ಹೊಸದಾಗಿ ಬಂದ ಪ್ರತಿಯೊಬ್ಬಳ ಬೆರಳು ಹಿಡಿದು, "ನಾಚ್ಕೋಬ್ಯಾಡ, ನಾಲ್ಗೆ ಇರೋದು ಬರೀ ಮಾತಾಡಾಕಲ್ಲ" ಎಂದು ಕಲಿಸಿದಳು. ಹಾಗೆ ಕಲಿತವರಲ್ಲಿ ಗೌರಮ್ಮ ಹನ್ನೆರಡನೆಯವಳೋ ಹದಿಮೂರನೆಯವಳೋ. ಗೌರಮ್ಮ ಅವಳ ಓರಗಿತ್ತಿ, ಮೈದುನ ಚಿಕ್ಕಬೈರಪ್ಪನ ಹೆಂಡತಿ. ಆಗ ಇಪ್ಪತ್ತೆರಡು ವರ್ಷದವಳು. ಗಂಡನ ಸೊಪ್ಪಿನ ತೋಟದ ಹೊರತು ಬೇರೆ ಏನನ್ನೂ ಕಾಣದವಳನ್ನು ಕೈಹಿಡಿದು ಕರೆತಂದು ಕೂರಿಸಿದವಳು ಸೊಣ್ಣಮ್ಮನೇ. ಗೌರಮ್ಮನ ಬೆರಳು ತನ್ನ ಬೆರಳಿಗಿಂತ ಚುರುಕು ಎಂದು ಎರಡೇ ವರ್ಷದಲ್ಲಿ ಗೊತ್ತಾಗಿತ್ತು. ಹೊಟ್ಟೆಯುರಿಯೂ ಆಗಿತ್ತು, ಹೆಮ್ಮೆಯೂ ಆಗಿತ್ತು.

ಆ ಗೌರಮ್ಮ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿ ಮಲಗಿದ್ದಳು. ಮುಖ ಊದಿತ್ತು, ಕಾಲು ಊದಿತ್ತು, ಮೂತ್ರದ ಜೊತೆ ರಕ್ತ ಹೋಗುತ್ತಿತ್ತು. ಮೊದಲ ದಿನವೇ ಡಾಕ್ಟರು, ಏನಾದರೂ ಮಾತ್ರೆ ಪುಡಿ ತಿನ್ನುತ್ತಿದ್ದಳೇ ಎಂದು ಕೇಳಿದಾಗ ಸೊಣ್ಣಮ್ಮ ಸೆರಗು ಸರಿಮಾಡಿಕೊಂಡು, "ಬ್ಯಾರೆ ಯಾವ್ದೂ ಇಲ್ಲ ಸ್ವಾಮಿ, ನಮ್ ಪುಡಿ ಒಂದೇಯ. ನಾವೇ ಕೈಯಾರೆ ಕಟ್ಟೋದು" ಎಂದಿದ್ದಳು. ಇನ್ನು ಮುಂದೆ ಅದನ್ನು ಕೊಡಲೇಕೂಡದು ಎಂದು ಡಾಕ್ಟರು ಹೇಳಿದರು. ತಮ್ಮ ಔಷಧಿ ಸಾಗಲಿ ಎಂದು ಹೇಳುತ್ತಾರೆ ಎಂದು ಅವಳು ತಿಳಿದುಕೊಂಡಳು. ಗೌರಮ್ಮ ಎರಡನೆಯ ದಿನದಿಂದಲೇ ತಲೆ ಒಡೆದುಹೋಗುತ್ತದೆ ಎಂದು ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು. ನೋಡಲಾರದೆ ಸೊಣ್ಣಮ್ಮ ದಿನವೂ ಸೊಂಟದಲ್ಲಿ ಎರಡು ಪೊಟ್ಟಣ ಸಿಕ್ಕಿಸಿಕೊಂಡು ಹೋಗಿ, ನರ್ಸು ಆ ಕಡೆ ತಿರುಗಿದಾಗ ಗಂಜಿಯಲ್ಲಿ ಕದಡಿ ಕುಡಿಸುತ್ತಿದ್ದಳು. ಕೆಲವು ದಿನ ಮೂರು. ಕುಡಿದ ಕಾಲು ಗಂಟೆಗೆ ಗೌರಮ್ಮನ ಹುಬ್ಬು ಸಡಿಲವಾಗುತ್ತಿತ್ತು. "ನೀನಿಲ್ದಿದ್ರೆ ನಾನು ಸತ್ತೇ ಓಗ್ತಿದ್ದೆ ಕಣಕ್ಕ" ಎನ್ನುತ್ತಿದ್ದಳು. ಈಗಲೂ, ಈ ಶನಿವಾರದ ಮೂರು ಗಂಟೆಯಲ್ಲೂ, ಅವಳ ಸೊಂಟದಲ್ಲಿ ಎರಡು ಪೊಟ್ಟಣ ಇದ್ದವು. ಅವು ಬಿಸಿಯಾದಂತೆ ಅವಳಿಗೆ ಅನ್ನಿಸಿತು.

"ಏನ್ ಸೊಣ್ಣಕ್ಕ, ಕಾಫಿ ಆರೋಯ್ತದೆ," ಎಂದಳು ಮಂಗಮ್ಮ. ಅಷ್ಟರಲ್ಲಿ ಹೆಂಗಸರ ಗಮನ ಬೇರೆ ಕಡೆ ಹೋಗಿತ್ತು. ಹುಡುಗಿಯ ಸೀರೆಯ ಅಂಚಿನ ಬಗ್ಗೆ, ಅವಳಿಗೆ ಮದುವೆ ಯಾವಾಗ ಎಂಬ ಬಗ್ಗೆ ಮಾತು ನಡೆದಿತ್ತು. ವಾರಿಜಾ ಹೇಳಿದ್ದು ಯಾರಿಗೂ ತಾಗಲಿಲ್ಲವೇ? ಅಥವಾ ತಾಗಿಯೂ ತಾಗದ ಹಾಗೆ ಇದ್ದಾರೆಯೇ? ನಲವತ್ತು ಬೆರಳು ನಾಲಗೆಗೆ ಹೋಗುವುದು, ಕಾಗದಕ್ಕೆ ಬರುವುದು, ಪುಡಿಯಲ್ಲಿ ಆಡಿ ಮತ್ತೆ ನಾಲಗೆಗೆ ಹೋಗುವುದು. ನಲವತ್ತು ಹಸುಗಳು ಒಂದೇ ಗೋದಲಿಯಲ್ಲಿ ಬಾಯಿ ಇಟ್ಟಂತೆ ಕಂಡಿತು. ಬಾಯಿ ಬಿಟ್ಟು ಏನೋ ಹೇಳಬೇಕೆಂದುಕೊಂಡಳು. ಒಣಗಿದ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ನಾಲ್ಕು ಗಂಟೆಗೆ ಪರಮಶಿವಯ್ಯನವರು ಕರೆಸಿದರು. ಒಳ್ಳೆಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. "ಕೂತ್ಕೊಳ್ಳಿ ಸೊಣ್ಣಮ್ಮ" ಎಂದರು. ಅವಳು ಎಂದಿನ ಹಾಗೆ ನಿಂತೇ ಇದ್ದಳು. ಆಸ್ಪತ್ರೆಯ ಡಾಕ್ಟರು ಪುಡಿಯಲ್ಲಿ ಏನೇನು ಹಾಕುತ್ತೀರಿ ಎಂದು ಕಂಪನಿಗೆ ಕಾಗದ ಬರೆದಿದ್ದಾರಂತೆ. ಅದಕ್ಕೆ ಉತ್ತರ ಕಳಿಸಬೇಕಂತೆ. ಉತ್ತರದ ಜೊತೆ ಮೇಸ್ತ್ರಿಯ ಹೇಳಿಕೆಯೂ ಇದ್ದರೆ ಒಳ್ಳೆಯದಂತೆ.

"ಬರೆಸಿ ಇಟ್ಟಿದೀನಿ. ಸೋಮವಾರ ಬೆಳಿಗ್ಗೆ ಒಂದು ಸಹಿ ಹಾಕ್ಬಿಡಿ. ನಿಮ್ಮ ಓರಗಿತ್ತಿ ಅಂತ ಗೊತ್ತು. ಅದಕ್ಕೇ ನಿಮ್ಮ ಸಹಿಗೆ ತೂಕ."

"ಏನಂತ ಬರ್ದದೆ ಸ್ವಾಮಿ?"

"ಇದ್ದದ್ದೇ ಬರೆದಿದೆ. ಆಕೆ ತಾನಾಗೇ ತಿಂತಿದ್ಲು ಅಂತ." ಅವರು ಮೇಜಿನ ಖಾನೆಯಿಂದ ಒಂದು ಕೊಕ್ಕರೆ ಮಾರ್ಕು ತೆಗೆದು, ನಾಲಗೆಯ ಮೇಲೆ ಸುರಿದುಕೊಂಡು, ನೀರು ಕುಡಿದರು. "ಬೆಳಗ್ಗಿಂದ ಒಂದೇ ತಲೆಬೇನೆ, ನೋಡಿ" ಎಂದರು.

ಸೌತ್ ಎಂಡ್ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದಳು. ರಸ್ತೆಯುದ್ದಕ್ಕೂ ಅವರೆಕಾಯಿಯ ರಾಶಿ, ಸೊಗಡಿನ ವಾಸನೆ ಕಿಟಕಿಯೊಳಗೆ ನುಗ್ಗುತ್ತಿತ್ತು. ಕಂಡಕ್ಟರು ಬೆರಳನ್ನು ನಾಲಗೆಗೆ ಒತ್ತಿ ಟಿಕೇಟು ಹರಿದುಕೊಟ್ಟ. ಅವಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. "ಏನಮ್ಮ, ಕಚ್ತೀನಾ ನಾನು?" ಎಂದು ಅವನು ಗದರಿದ. ಹಿಂದಿನ ಸೀಟಿನವರು ನಕ್ಕರು. ಟಿಕೇಟು ಅವಳ ಅಂಗೈಯಲ್ಲಿ ಒದ್ದೆಯಾಗಿತ್ತು. ಲೋಕವೆಲ್ಲ ಹೀಗೇ ಬೆರಳು ನೆಕ್ಕಿಕೊಂಡೇ ಬದುಕುತ್ತಿದೆ, ಅವರಿಗೆ ಏನೂ ಆಗಿಲ್ಲ, ತನಗೆ ಮಾತ್ರ ಏಕೆ ಎಂದು ಒಂದು ಕ್ಷಣ ಮನಸ್ಸು ವಾದ ಹೂಡಿತು. ಇನ್ನೊಂದು ಕ್ಷಣಕ್ಕೆ, ತನಗೆಲ್ಲಿ ಆಗಿದೆ, ಆಗಿರುವುದು ಗೌರಿಗೆ ಎಂದು ಆ ವಾದವನ್ನು ಅದೇ ಮನಸ್ಸು ಹೊಡೆದುಹಾಕಿತು. ಗೌರಿ ಮದುವೆಯಾಗಿ ಬಂದ ವರ್ಷ ಮಜ್ಜಿಗೆ ಕಡೆಯುತ್ತ ಹೇಳಿದ್ದಳು: "ಅಕ್ಕ, ನಂಗೆ ತಲೆನೋವು ಅಂದ್ರೆ ಏನೂ ಅಂತ್ಲೇ ಗೊತ್ತಿಲ್ಲ. ಹೆಂಗಿರ್ತದೆ ಅದು?" ಹೇಗಿರುತ್ತದೆ ಎಂದು ಆಗ ತಾನು ಏನು ಹೇಳಿದೆ ಎಂಬುದು ಸೊಣ್ಣಮ್ಮನಿಗೆ ನೆನಪಾಗಲಿಲ್ಲ. ಪೊಟ್ಟಣಗಳನ್ನು ಕಿಟಕಿಯಿಂದ ಹೊರಗೆ ಎಸೆಯಬೇಕೆಂದು ಸೊಂಟಕ್ಕೆ ಕೈ ಹಾಕಿದಳು. ಕೊಕ್ಕರೆಯ ಚಿತ್ರ ಬೆರಳಿಗೆ ತಾಗಿದಂತಾಯಿತು. ಒಂದು ವೇಳೆ ಆ ಹುಡುಗಿ ಹೇಳಿದ್ದು ಸುಳ್ಳಾಗಿದ್ದರೆ? ಗೌರಿ ಇವತ್ತು ನೋವಿನಲ್ಲಿ ಒದ್ದಾಡಿದರೆ? ಎಸೆಯಲಿಲ್ಲ.

ಆಸ್ಪತ್ರೆಯಲ್ಲಿ ಗೌರಮ್ಮ ಸೀರೆಯ ಸೆರಗನ್ನು ಹಣೆಗೆ ಬಿಗಿಯಾಗಿ ಕಟ್ಟಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಕಾಲ ಬಳಿ ಚಿಕ್ಕಬೈರಪ್ಪ ಸ್ಟೂಲಿನ ಮೇಲೆ ಕೂತಿದ್ದ.

"ತಂದ್ಯಾ ಅಕ್ಕ?"

"ಇಲ್ಲ ಕಣೆ."

"ಸುಳ್ಳು ಯೋಳ್ಬ್ಯಾಡ. ಬೇಗ ಕೊಡು, ಆ ನರ್ಸಮ್ಮ ಬಂದ್ಬುಡ್ತಾಳೆ."

"ಇವತ್ತು ಬ್ಯಾಡ ಕಣೆ ಗೌರಿ. ಡಾಕ್ಟ್ರು ಬ್ಯಾಡ ಅಂದವ್ರಲ್ಲ."

"ನೆನ್ನೆ ಡಾಕ್ಟ್ರು ಇರ್ಲಿಲ್ವಾ? ಮೊನ್ನೆ ಇರ್ಲಿಲ್ವಾ?" ಗೌರಮ್ಮನ ಊದಿದ ಕಣ್ಣು ಗೆರೆಯಷ್ಟೇ ತೆರೆದಿತ್ತು. ಆ ಗೆರೆಯೊಳಗಿಂದ ಅವಳು ಓರಗಿತ್ತಿಯ ಸೊಂಟವನ್ನು ನೋಡಿದಳು. ಥಟ್ಟನೆ ಕೈ ನೀಡಿ ಸೊಣ್ಣಮ್ಮನ ಸೆರಗು ಎಳೆದಳು. ಇಷ್ಟು ಬಲ ಎಲ್ಲಿತ್ತೋ. ಪಕ್ಕದ ಹಾಸಿಗೆಯವರು ಎದ್ದು ಕೂತರು. ಸೊಣ್ಣಮ್ಮ ಎರಡು ಕೈಯಲ್ಲೂ ಸೊಂಟ ಮುಚ್ಚಿಕೊಂಡು ಹಿಂದೆ ಸರಿದಳು. ಸೆರಗು ಜಾರಿತು. ಇಬ್ಬರು ಹೆಂಗಸರು, ಒಂದೇ ಮನೆಯವರು, ಜನರ ಎದುರಿಗೆ ಕಿತ್ತಾಡಿದ ಹಾಗೆ ಆಯಿತು. ಎರಡು ಪೊಟ್ಟಣ ನೆಲಕ್ಕೆ ಬಿದ್ದವು. ಎತ್ತಿಕೊಂಡವಳು ನರ್ಸು.

"ಯಾರು ಇದನ್ನ ಕೊಡ್ತಾ ಇದ್ದಿದ್ದು?"

ನರ್ಸು ಸೊಣ್ಣಮ್ಮನ ನರೆತ ತಲೆಯನ್ನೂ ಖಾಲಿ ಹಣೆಯನ್ನೂ ನೋಡಿದಳು, ಆಮೇಲೆ ಚಿಕ್ಕಬೈರಪ್ಪನ ಕಡೆ ತಿರುಗಿದಳು. "ನೀನೇನಯ್ಯ? ಹೆಂಡ್ತಿ ಉಳೀಬೇಕು ಅಂತ ಇಲ್ವಾ ನಿನಗೆ? ಗಂಡಸು ನೀನು, ಒಂಚೂರು ಬುದ್ಧಿ ಬೇಡ್ವಾ?" ಚಿಕ್ಕಬೈರಪ್ಪ ಎದ್ದು ನಿಂತ. ಟವೆಲು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಆಸ್ಪತ್ರೆಯವರು ಬೈಯುವಾಗ ತಲೆ ತಗ್ಗಿಸಬೇಕು ಎಂಬುದು ಗೊತ್ತಿತ್ತು. "ತಪ್ಪಾಯ್ತವ್ವ" ಎಂದ. ಅವನು ಹಾಗೆ ಎನ್ನುವಾಗ ಸೊಣ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಾನು ಎನ್ನುವ ಒಂದು ಮಾತು. ಬಾಯಿಯೊಳಗೆ ಇತ್ತು, ಹಲ್ಲಿನ ಹಿಂದೆಯೇ ಇತ್ತು. ನರ್ಸು ಹೊರಟುಹೋದಳು. ಮಾತು ಅಲ್ಲೇ ಉಳಿಯಿತು.

ಭಾನುವಾರ ಹತ್ತು ಗಂಟೆಗೆ ಅವಳಿಗೆ ತಲೆನೋವು ಬಂತು. ಎಂದಿನಂತೆ ಎಡಗಣ್ಣಿನ ಹಿಂದೆ ಒಂದು ಕಡ್ಡಿ ಚುಚ್ಚಿದ ಹಾಗೆ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ತಲೆಯೆಲ್ಲ ಒನಕೆ ಕುಟ್ಟುತ್ತಿತ್ತು. ಗೂಡಿನಲ್ಲಿ ಪೊಟ್ಟಣದ ಡಬ್ಬ ಇತ್ತು. ಏಳು ವರ್ಷದಿಂದ ಪ್ರತಿ ಭಾನುವಾರ ಆ ಡಬ್ಬದ ಮುಚ್ಚಳ ತೆಗೆದವಳು. ಇವತ್ತು ಅದನ್ನು ಒಲೆಗೆ ಹಾಕಿದಳು. ಕಾಗದ ಉರಿದು, ಪುಡಿ ಬಿಳಿಯ ಹೊಗೆಯಾಗಿ, ಆಸ್ಪತ್ರೆಯ ವಾಸನೆ ಮನೆ ತುಂಬಿತು. ಹೊಗೆ ತಾಳಲಾರದೆ ಹೊರಗೆ ಬಂದು ಜಗಲಿಯ ಮೇಲೆ ನಿಂತಳು. ಬಿಸಿಲು ಕಣ್ಣಿಗೆ ಇರಿಯಿತು. ಕಣ್ಣು ಕಿರಿದು ಮಾಡಿ ಬೀದಿ ನೋಡಿದಳು. ಎದುರು ಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದವಳ ತಲೆಗೆ ಬಟ್ಟೆ ಕಟ್ಟಿತ್ತು. ಅವಳ ಪಕ್ಕದ ಮನೆಯಲ್ಲಿ ಮಗುವಿಗೆ ನೀರು ಹಾಕುತ್ತಿದ್ದವಳ ತಲೆಗೂ ಬಟ್ಟೆ. ಬಾವಿಯ ಹತ್ತಿರ ಇಬ್ಬರು ನಿಂತಿದ್ದರು, ಇಬ್ಬರ ತಲೆಗೂ ಬಟ್ಟೆ. ಮಂಗಮ್ಮ ಬಾಗಿಲ ಹೊಸ್ತಿಲಿಗೆ ತಲೆ ಇಟ್ಟು ಮಲಗಿದ್ದಳು. ಹಣೆಗೆ ಬಿಗಿದಿದ್ದ ಹಳೆಯ ರವಿಕೆ ಕಣದ ತುಂಡು ಕಣ್ಣಿನವರೆಗೆ ಇಳಿದಿತ್ತು. ಸೊಣ್ಣಮ್ಮ ಬೀದಿಗಿಳಿದು ನಡೆದಳು. ಈ ಬೀದಿ, ಆ ಬೀದಿ, ಗುಡಿಯ ಹಿಂದಿನ ಬೀದಿ. ಯಾವ ಮನೆಯಿಂದ ಹೆಂಗಸು ಕಾರ್ಖಾನೆಗೆ ಹೋಗುತ್ತಾಳೋ ಆ ಮನೆಯ ಹೊಸ್ತಿಲಲ್ಲಿ ಒಂದು ಕಟ್ಟಿದ ತಲೆ. ಏಳು ವರ್ಷ ಪ್ರತಿ ಭಾನುವಾರ ಈ ಬೀದಿಗಳಲ್ಲಿ ಓಡಾಡಿದ್ದಾಳೆ. ಅವರನ್ನು ಮಾತಾಡಿಸಿದ್ದಾಳೆ, ನಗೆಯಾಡಿದ್ದಾಳೆ, ತಾನೂ ತಲೆಗೆ ಕಟ್ಟಿಕೊಂಡೇ ಹೋಗಿದ್ದಾಳೆ. ಒಂದು ದಿನವೂ ಇದು ಕಣ್ಣಿಗೆ ಬೀಳಲಿಲ್ಲ. ಊರಿಗೆ ಊರೇ ಸೂತಕ ಹಿಡಿದ ಹಾಗೆ ಕೂತಿತ್ತು, ಮತ್ತು ಎಲ್ಲರೂ ಮಧ್ಯಾಹ್ನದ ಅಡಿಗೆಯ ಮಾತಾಡುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿಕೊಂಡಳು.

"ಬಿಸ್ಲು ಒಡೀತಾ ಸೊಣ್ಣಕ್ಕ? ಒಂದು ಪುಡಿ ಆಕ್ಕೋ, ಸರೋಯ್ತದೆ," ಎಂದು ಯಾರೋ ಹೇಳಿದರು.

ರಾತ್ರಿ ನಿದ್ದೆ ಬಂದಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಪರಮಶಿವಯ್ಯನವರ ಮೇಜಿನ ಮುಂದೆ ನಿಂತಾಗ ತಲೆಯ ನೋವು ಹಾಗೇ ಇತ್ತು. ಕಣ್ಣಿನ ಅಂಚಿನಲ್ಲಿ ಎಲ್ಲ ವಸ್ತುಗಳಿಗೂ ಒಂದೊಂದು ನೆರಳು ಅಂಟಿಕೊಂಡಿತ್ತು. ಅವರು ಕಾಗದ ಮುಂದೆ ತಳ್ಳಿ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಸಾಯಂಕಾಲದ ಶಾಲೆಯಲ್ಲಿ ಮೂರು ಅಕ್ಷರ ತಿದ್ದಿ ಕಲಿತ ಸಹಿ ಅವಳದು. ಅದನ್ನು ಹಾಕುವಾಗ ಪ್ರತಿ ಸಲ ಉಸಿರು ಹಿಡಿದುಕೊಳ್ಳುತ್ತಿದ್ದಳು.

"ಓದಿ ಯೋಳಿ ಸ್ವಾಮಿ."

ಅವರು ಓದಿದರು: "ಗೌರಮ್ಮ ಎಂಬಾಕೆಯು ಕಂಪನಿಯ ಮಾಲನ್ನು ಯಾರಿಗೂ ತಿಳಿಯದಂತೆ ಹೊರಗೆ ಒಯ್ದು, ಸ್ವಂತ ಇಚ್ಛೆಯಿಂದ ಸೇವಿಸುತ್ತಿದ್ದ ಸಂಗತಿಯು ನನಗೆ ತಿಳಿದಿರುತ್ತದೆ."

"ಯಾರ್ಗೂ ತಿಳೀದಂಗೆ ಒಯ್ದಿದ್ದು ನಂಗೆ ಹೆಂಗೆ ತಿಳೀತು ಸ್ವಾಮಿ?"

ಪರಮಶಿವಯ್ಯನವರು ಕನ್ನಡಕ ತೆಗೆದರು. "ಅದು ವಕೀಲರು ಬರೆಯೋ ರೀತಿ, ಸೊಣ್ಣಮ್ಮ."

"ಕಳ್ಳಿ ಅಂತ ಬರ್ದಂಗಾಯ್ತಲ್ಲ ಅವ್ಳನ್ನ. ಒಯ್ದೋಳು ನಾನು. ಆಸ್ಪತ್ರೇಗೂ ಒಯ್ದು ಕುಡಿಸ್ದೋಳು ನಾನು. ಬೆರಳು ನೆಕ್ಕೋದು ಕಲಿಸ್ದೋಳೂ ನಾನೇಯ. ನೀವು ನನ್ನ ಬೆನ್ನಿಂದೆ ನಿಂತು ನೋಡಿದ್ರಿ. ಈಯಮ್ಮನ ಕೈ ನೋಡ್ರಮ್ಮ ಅಂತ ಎಲ್ರಿಗೂ ಯೋಳಿದ್ರಿ. ಅದ್ನೆಲ್ಲ ಬರೀರಿ, ಸಯಿ ಆಕ್ತೀನಿ."

"ನಾನು ಹೇಳಿದ್ನೇ?" ಎಂದರು ಅವರು. ತಪ್ಪಿಸಿಕೊಳ್ಳಲು ಹೇಳಿದ ಮಾತಲ್ಲ ಅದು. ಹಣೆ ಗಂಟಿಕ್ಕಿ ನಿಜವಾಗಿ ನೆನೆಸಿಕೊಳ್ಳಲು ನೋಡಿದರು, ಕಿಟಕಿಯ ಕಡೆ ನೋಡಿದರು, ನೆನಪಾಗಲಿಲ್ಲ. ಅವಳ ಜೀವಮಾನದಲ್ಲೇ ದೊಡ್ಡ ದಿನ ಅವರ ತಲೆಯಲ್ಲಿ ಎಲ್ಲೂ ಇರಲಿಲ್ಲ. "ಗೋಡೆ ಮೇಲೆ ಬೋರ್ಡು ಇದೆಯಲ್ಲಮ್ಮ," ಎಂದು ಅವರು ಮೆಲ್ಲಗೆ ಹೇಳಿದರು, "ಬೆರಳು ಬಾಯಿಗೆ ಇಡಬಾರದು ಅಂತ ಮೊದಲ ವರ್ಷವೇ ಬರೆಸಿ ಹಾಕಿದೀವಿ. ನೀವು ಹೀಗೆಲ್ಲ ಹೇಳಿದ್ರೆ ಕಂಪನಿ ನಿಮ್ಮನ್ನೇ ಕೇಳಬೇಕಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಮನೆಗೆ ಹೋಗಿ ಮಲಕ್ಕೊಳ್ಳಿ. ಮುಖ ನೋಡಿದ್ರೆ ಹುಷಾರಿಲ್ಲ ಅನ್ಸುತ್ತೆ. ಒಂದು ಪುಡಿ ಕೊಡ್ಲೇ?"

ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟು ಹೊರಗೆ ಬಂದಳು. ಷೆಡ್ಡಿನ ಬಾಗಿಲಲ್ಲಿ ನಿಂತು, "ಏನ್ರವ್ವಾ, ಬೆರಳು ಬಾಯ್ಗಿಕ್ಬ್ಯಾಡಿ. ಪುಡಿಯಿಂದ್ಲೇ ಬರ್ತಿರೋದು ಆ ನೋವು. ಗೌರಿಗೂ ಅದೇ" ಎಂದು ಕೂಗಿ ಹೇಳಿದಳು. ಮೂವತ್ತೊಂಬತ್ತು ತಲೆ ಎದ್ದವು. ಸೋಮವಾರದ ಬೆಳಿಗ್ಗೆ, ಅವರ ಹಣೆಗಳು ಆಗತಾನೆ ಸಡಿಲವಾಗುತ್ತಿದ್ದವು. "ಮೇಸ್ತ್ರಿ ಆದಾಗ ನೀನೇ ಅಲ್ವಾ ಕಲಿಸ್ದೋಳು?" ಎಂದಳು ಮಂಗಮ್ಮ, ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ಕೇಳುವವಳ ಹಾಗೆ. ಒಬ್ಬಿಬ್ಬರು ಸ್ಪಂಜಿಗಾಗಿ ಹುಡುಕಿದರು. ಸ್ಪಂಜುಗಳು ಯಾವತ್ತೋ ಒಣಗಿ, ಇಲಿ ಕಡಿದು ಹೋಗಿದ್ದವು.

ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋದಳು. ಭೇಟಿಯ ಹೊತ್ತಲ್ಲ, ಜವಾನನ ಕಾಲು ಹಿಡಿದು ಒಳಗೆ ಬಂದಳು. ಡಾಕ್ಟರು ಗೌರಮ್ಮನ ಹಾಸಿಗೆಯ ಹತ್ತಿರವೇ ಇದ್ದರು. ಚಿಕ್ಕಬೈರಪ್ಪನೂ ಇದ್ದ. ಎಲ್ಲಿ ನಿಲ್ಲಬೇಕು, ಹೇಗೆ ಶುರುಮಾಡಬೇಕು ಎಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಸ್ವಾಮಿ, ಅವ್ನಲ್ಲ, ನಾನು. ದಿನಾ ಎರಡು. ಮೂರು ದಿನ ಮೂರ್ಮೂರು. ಗಂಜೀಲಿ ಕದಡಿ ಕೊಟ್ಟೆ. ನೀವು ಬ್ಯಾಡ ಅಂದ ಮ್ಯಾಲೂ ಕೊಟ್ಟೆ."

ಬೈಯುತ್ತಾರೆ ಎಂದು ಅವಳು ಕಾದಳು. ಬೈದರೆ ಸಾಕು ಎನ್ನಿಸುತ್ತಿತ್ತು. ಡಾಕ್ಟರು ಹಾಸಿಗೆಯ ಚೀಟಿಯಲ್ಲಿ ಬರೆದುಕೊಂಡು, ಅವಳನ್ನು ವರಾಂಡಕ್ಕೆ ಕರೆದು, ಬೆನ್ನಿನ ಕೆಳಗೆ ಎರಡು ಕಡೆ ಅವರೆಬೀಜದ ಆಕಾರದ ಅಂಗ ಇರುತ್ತದೆ, ಗೌರಮ್ಮನದು ಎರಡೂ ಸುಕ್ಕಿಹೋಗಿವೆ ಎಂದು ತಿಳಿಸಿ ಹೇಳಿದರು. "ಅದು ಈ ಒಂದು ವಾರದಲ್ಲಿ ಆದದ್ದಲ್ಲಮ್ಮ. ವರ್ಷಗಟ್ಟಲೆ ಆಗಿದೆ. ನೀವು ಕೊಟ್ಟ ಆ ಇಪ್ಪತ್ತು ಪೊಟ್ಟಣದಿಂದ ಆಯ್ತು ಅಂತ ಮನಸ್ಸಿಗೆ ಹಚ್ಕೋಬೇಡಿ" ಎಂದರು. ಒಳ್ಳೆಯದನ್ನೇ ಹೇಳಿದ್ದರು. ಆದರೆ ಸೊಣ್ಣಮ್ಮನಿಗೆ ಅದೇ ಭಾರವಾಯಿತು. ಒಂದು ವಾರವಾಗಿದ್ದರೆ ಹೇಗೋ ಹೊರಬಹುದಿತ್ತು. ವರ್ಷಗಟ್ಟಲೆ ಎಂದರೆ ಅದೂ ತನ್ನದೇ. ನಾಚ್ಕೋಬ್ಯಾಡ ಎಂದು ಗೌರಿಯ ಬೆರಳು ಹಿಡಿದ ಮೊದಲ ದಿನದಿಂದ ತನ್ನದೇ.

ತಿರುಗಿದಾಗ ಚಿಕ್ಕಬೈರಪ್ಪ ಹಿಂದೆ ನಿಂತಿದ್ದ. ಶನಿವಾರ ತಾನು ತಲೆ ತಗ್ಗಿಸಿದ್ದನ್ನು ಅವನು ಎತ್ತಿ ಆಡಲಿಲ್ಲ. ಕೂಗಾಡಲೂ ಇಲ್ಲ. "ಅತ್ಗೆ," ಎಂದ, "ಇನ್ ಮ್ಯಾಕೆ ನೀವು ಇಲ್ಲಿಗ್ ಬರ್ಬ್ಯಾಡಿ." ಅಷ್ಟು ಹೇಳಿ ಒಳಗೆ ಹೋದ. ಇಪ್ಪತ್ತು ವರ್ಷದಲ್ಲಿ ಅವನು ಅವಳಿಗೆ ಎದುರು ಹೇಳಿದ್ದು ಅದೊಂದೇ ಮಾತು.

ಮಂಗಳವಾರ ಅವಳು ಮನೆಯಲ್ಲೇ ಇದ್ದಳು. ಕಾರ್ಖಾನೆಯ ಸೈರನ್ನು ಕೂಗಿದಾಗ ಕಾಲು ತಾವಾಗಿ ಎದ್ದವು, ಮತ್ತೆ ಕೂತವು. ಮೇಜಿನ ತಲೆಯಲ್ಲಿ ಈಗ ಮಂಗಮ್ಮ ಕೂತಿದ್ದಾಳೆ, ಆ ಕಾಗದಕ್ಕೆ ಅವಳೇ ಹೆಬ್ಬೆಟ್ಟು ಒತ್ತಿದಳು, ಏನು ಬರೆದಿದೆ ಎಂದು ಕೇಳಲಿಲ್ಲ ಎಂಬ ಸುದ್ದಿ ಸಂಜೆ ಬಾವಿಯ ಕಡೆಯಿಂದ ಬಂತು. ತಲೆನೋವು ಬುಧವಾರದ ಹೊತ್ತಿಗೆ ತಾನಾಗಿ ಇಳಿಯಿತು. ಪುಡಿ ಇಲ್ಲದೆ ಇಳಿಯಿತು. ಹಾಗೆ 'ಇಳಿಯಬಲ್ಲದು' ಎಂಬುದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟಾಯಿತು. ಮೂರೇ ದಿನ. ಏಳು ವರ್ಷದಲ್ಲಿ ಯಾರೊಬ್ಬರೂ ಮೂರು ದಿನ ಸುಮ್ಮನಿದ್ದು ನೋಡಿರಲಿಲ್ಲ.

ಆ ಬುಧವಾರ ಸಂಜೆ ಐದು ಗಂಟೆಗೆ ಚಿಕ್ಕಬೈರಪ್ಪ ಅಂಗಳಕ್ಕೆ ಬಂದ. ಜಗಲಿ ಹತ್ತಲಿಲ್ಲ. ಗಡ್ಡ ಬೆಳೆದಿತ್ತು.

"ಅತ್ಗೆ, ಕೇಳ್ತಾವ್ಳೆ."

ಸೊಣ್ಣಮ್ಮ ಎದ್ದು ಬಾಗಿಲಿಗೆ ಬಂದಳು. "ನನ್ನಾ?"

"ನಿಮ್ಮನ್ನಲ್ಲ." ಅವನು ನೆಲ ನೋಡಿದ. "ಪುಡೀನ. ಇನ್ ಪಥ್ಯ ಏನೂ ಬ್ಯಾಡ, ಕೇಳಿದ್ದು ಕೊಡಿ ಅಂದ್ರು ಡಾಕ್ಟ್ರು. ಕೇಳ್ದೆ. ಎಳನೀರು ಬ್ಯಾಡ, ನಮ್ ಮಗಳ್ನ ಕರ್ಕೊಂಡೋಗಿದ್ದೆ, ಅವ್ಳೂ ಬ್ಯಾಡ ಅಂತಾಳೆ. ಅದೊಂದೇ ಕೇಳ್ತಾವ್ಳೆ. ನಂಗೆ ಎಷ್ಟು ಆಕ್ಬೇಕು, ಎಂಗೆ ಕದಡ್ಬೇಕು ಅಂತ ಗೊತ್ತಿಲ್ಲ. ನೀವೇ ಬಂದು ಕೊಟ್ಬುಡಿ."

ಮನೆಯಲ್ಲಿ ಒಂದು ಪೊಟ್ಟಣವೂ ಇರಲಿಲ್ಲ. ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯ ಮುಂದೆ ಮೈದುನನನ್ನು ನಿಲ್ಲಿಸಿ, ಸೊಣ್ಣಮ್ಮ ಜೀವನದಲ್ಲಿ ಮೊದಲ ಸಲ ಕೊಕ್ಕರೆ ಮಾರ್ಕಿನ ಎರಡು ಪುಡಿ ಕೊಂಡಳು. ಅಂಗಡಿಯವನು, "ತಲೆನೋವೇನಮ್ಮ?" ಎಂದ. ಅವಳು ಹೂಂ ಎಂದಳು. ಮಡಿಕೆ ನೋಡಿದಳು. ಮೂರನೆಯ ಮಡಿಕೆಯನ್ನು ಒಳಕ್ಕೆ ಒತ್ತಿ ಎಡಕ್ಕೆ ಸ್ವಲ್ಪ ತಿರುಚುವುದು ಇಡೀ ಷೆಡ್ಡಿನಲ್ಲಿ ಒಬ್ಬಳೇ. ಗೌರಿ ಕಟ್ಟಿದ ಪೊಟ್ಟಣಗಳು ಅವು.

ಹಾಸಿಗೆಯ ಪಕ್ಕದಲ್ಲಿ ನಿಂತು ಒಂದನ್ನು ಬಿಚ್ಚಿ ಬೆಚ್ಚಗಿನ ನೀರಿಗೆ ಹಾಕಿ ಕದಡಿದಳು. ನರ್ಸು ನೋಡಿದಳು, ಏನೂ ಅನ್ನದೆ ಆ ಕಡೆ ಹೋದಳು. ಇಷ್ಟು ದಿನ ಮುಚ್ಚಿಟ್ಟು ಕೊಟ್ಟದ್ದನ್ನು ಈಗ ಎಲ್ಲರ ಎದುರಿಗೆ, ಗಂಡನ ಎದುರಿಗೆ, ಚಮಚದಿಂದ ಕುಡಿಸಿದಳು. ಗೌರಮ್ಮನ ತುಟಿ ಚಮಚವನ್ನು ಹುಡುಕಿಕೊಂಡು ಬಂತು. ಎಲ್ಲ ಮುಗಿದ ಮೇಲೆ, ಸ್ವಲ್ಪ ಹೊತ್ತಾದ ಮೇಲೆ, ಹುಬ್ಬು ಸಡಿಲವಾಯಿತು.

"ಅಕ್ಕ," ಎಂದಳು, "ಈಗ ಅಗುರಾಯ್ತು."

ಗೌರಮ್ಮ ಹೋದದ್ದು ಗುರುವಾರ, ಹೊತ್ತು ಹುಟ್ಟುವ ಮೊದಲು.